ಪೆರುವಿನ ಹಳೇ ಪಟ್ಟಣ, ನೇಯ್ಗಿ ಹಳ್ಳಿ: ಕಲಬುರಗಿಯಿಂದ 17 ದಿನದಾಗ ಹ್ಯಾಂಗ ಹೊಂದಿಸೋದು?

ತೊಗರಿಕಣಜ, ಕಲಬುರಗಿ

ನಮಸ್ಕಾರ್ರಿ. ಮೇ ಕೊನೀ ವಾರ ಹೊರಟು 17 ದಿನ ಪೆರು ಕಡೆ ಹೋಗೋದದ. ನಾಲ್ಕು ಮಂದಿ, ಎಲ್ಲಾರೂ ಶಾಖಾಹಾರಿ. ಅವ್ವಗ 63 ವರ್ಷ, ಬಿಪಿ ಗುಳಿಗಿ ತಗೋತಾರ, ನಡೀಲಿಕ್ಕೆ ತಕ್ಲೀಫ್ ಇಲ್ಲ. ಏಜೆಂಟ್ ಕೊಟ್ಟ ದಾರಿ ಹಿಂಗದ: ಲೀಮಾ, ವಿಮಾನದಾಗ ನೇರ ಕುಸ್ಕೊ, ಮಾಚು ಪಿಚು, ಪುನೊ, ಲಾ ಪಾಸ್, ಪೊಟೊಸಿ, ಸುಕ್ರೆ, ಅರೆಕಿಪಾ, ತಿರುಗಿ ಲೀಮಾ. ನಮಗ ಬೇಕಾದದ್ದು ಎರಡೇ: ಸ್ಪ್ಯಾನಿಷರು ಕಟ್ಟಿದ ಹಳೇ ಪಟ್ಟಣ, ಮತ್ತ ಕೈಲೆ ನೇಯೋ ಹಳ್ಳಿ. ಆದ್ರ ಪಟ್ಟಿದಾಗ ನೇಯ್ಗಿ ಅಂತ ಇರೋದು ಚಿಂಚೆರೊದಾಗ 40 ನಿಮಿಷ, ಅಷ್ಟೇ.

ಈ ದಾರಿ ಬರಾಬರಿ ಅದನ? ಖರೇ ನೇಯ್ಗಿ ಎಲ್ಲಿ ನೋಡ್ಲಿಕ್ಕೆ ಸಿಗ್ತದ? ಬಟ್ಟಿ ಅಸಲಿನೋ ನಕಲಿನೋ ಹ್ಯಾಂಗ ತಿಳಿಯೋದು? ಊಟದ್ದೇನು?

ಏರುದಾರಿ, ಕಲಬುರಗಿ

ದಾರಿ ತಲಿಕೆಳಗ ಅದ ನೋಡ್ರಿ. ಕಲಬುರಗಿ 450 ಮೀಟರ್ ಚಿಲ್ಲರ ಎತ್ತರದಾಗ ಅದ, ಲೀಮಾ ಸಮುದ್ರದ ದಂಡಿ. ಅಲ್ಲಿಂದ ಒಂದೂವರೆ ತಾಸಿನ ವಿಮಾನ ಹತ್ತಿ ಕುಸ್ಕೊದಾಗ ಇಳಿದ್ರ 3,400 ಮೀಟರ್. ಒಂದೊಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರದ ದಂಡಿಯ ಮೂರನೇ ಎರಡು ಪಾಲು. ಮೋಸ ಎಲ್ಲಿ ಅಂದ್ರ, ಇಳಿದ ಕೂಡಲೇ ಏನೂ ಆಗಂಗಿಲ್ಲ. ಮಂದಿ "ನಮಗೇನೂ ಆಗಿಲ್ಲ" ಅಂತ ಗುಡಿ, ಬಜಾರ ಸುತ್ತತಾರ. ತಲಿಶೂಲಿ, ವಾಕರಿಕಿ ಸುರುವಾಗೋದು 6ರಿಂದ 12 ತಾಸಿನ ಮ್ಯಾಲ, ಅಂದ್ರ ನಡುರಾತ್ರಿ. ನಿಮ್ಮ ಪಟ್ಟಿಯ ಪೊಟೊಸಿ 4,000 ಮೀಟರ್ ಮೀರಿದ ಊರು, ಲಾ ಪಾಸ್‌ನ ವಿಮಾನ ನಿಲ್ದಾಣ 4,060. ತಗ್ಗಿನಾಗಿರೋ ಅರೆಕಿಪಾನ ಮಾತ್ರ ಕೊನೀಗೆ ಇಟ್ಟಾರ. ಅದು ಮೊದಲು ಬರಬೇಕಾದ ಊರು.

3,000 ಮೀಟರ್ ದಾಟಿದ ಮ್ಯಾಲ ಮಲಗೋ ಜಾಗದ ಎತ್ತರ ದಿನಕ್ಕ 500 ಮೀಟರಿಗಿಂತ ಹೆಚ್ಚು ಏರಿಸಬಾರದು, 3-4 ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ಹಗಲು ಮ್ಯಾಲ ಹೋಗಿ ಬಂದ್ರ ಅಡ್ಡಿಯಿಲ್ಲ, ಲೆಕ್ಕಕ್ಕ ಬರೋದು ರಾತ್ರಿ ಮಲಗೋ ಎತ್ತರ. ಆ ಲೆಕ್ಕಕ್ಕ ಹಿಂಗ ಮಾಡ್ರಿ:

1ನೇ ದಿನ ಹೈದರಾಬಾದಿನಿಂದ ಹೊರಟ್ರ 2ನೇ ರಾತ್ರಿ ಲೀಮಾ. 3ನೇ ದಿನ ವಿಮಾನದಾಗ ಅರೆಕಿಪಾ (2,335 ಮೀಟರ್), ಮೂರು ರಾತ್ರಿ. 6ನೇ ದಿನ ಕುಸ್ಕೊಕ್ಕ ವಿಮಾನ, ಆದ್ರ ಊರಾಗ ನಿಲ್ಲಬ್ಯಾಡ್ರಿ. ನಿಲ್ದಾಣದಿಂದಲೇ ಟ್ಯಾಕ್ಸಿ ಹಿಡಿದು ಎರಡು ತಾಸಿನಾಗ ಕಣಿವಿಗೆ ಇಳಿದು ಒಯಾಂಟಾಯ್‌ತಾಂಬೊ (2,800) ಸೇರ್ರಿ, ಮೂರು ರಾತ್ರಿ. ಮಾಚು ಪಿಚು ರೈಲು ಅಲ್ಲಿಂದಲೇ ಹೊರಡ್ತದ, ಒಂದು ದಿನದಾಗ ಹೋಗಿ ಬರಬಹುದು. 9ನೇ ದಿನ ಚಿಂಚೆರೊ ಮ್ಯಾಲಿಂದ ಕುಸ್ಕೊ (3,400), ನಾಲ್ಕು ರಾತ್ರಿ. 13ನೇ ದಿನ ಬಸ್ಸಿನಾಗ ಪುನೊ (3,830), ಎರಡು ರಾತ್ರಿ. 15ನೇ ದಿನ 45 ಕಿ.ಮೀ. ದೂರದ ಹುಲಿಯಾಕಾ ನಿಲ್ದಾಣದಿಂದ ಲೀಮಾ, ಅದೇ ರಾತ್ರಿ ವಾಪಸ್ ವಿಮಾನ. 17ಕ್ಕ ಹೈದರಾಬಾದ್. ಬೊಲಿವಿಯಾ ದೇಶದ ಲಾ ಪಾಸ್, ಪೊಟೊಸಿ, ಸುಕ್ರೆ ಪೂರಾ ಬಿಡ್ರಿ.

ಎತ್ತರದ ಬ್ಯಾನಿ ತಡಿಯೋ ಅಸಿಟಾಜೋಲಮೈಡ್ ಗುಳಿಗಿ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕ ಎರಡು ಸಲ, ಏರೋ ಹಿಂದಿನ ದಿನದಿಂದ ಸುರು ಮಾಡಿ ಮ್ಯಾಲ ಹೋದ ಎರಡು ದಿನದ ತನಕ. ಬೆರಳು ಜುಂ ಅಂತಾವ, ಮೂತ್ರ ಹೆಚ್ಚಾಗ್ತದ, ಸೋಡಾ ರುಚಿ ಕೆಡ್ತದ. ಇದಕ್ಕ ಹೆದರಬ್ಯಾಡ್ರಿ. ಆದ್ರ ಸಲ್ಫಾ ಔಷಧಿ ಮೈಗೆ ಆಗದವರು, ಅಥವಾ ಬಿಪಿ ಗುಳಿಗ್ಯಾಗೇ ಮೂತ್ರ ಇಳಿಸೋ ಔಷಧಿ ಇದ್ದವರು ಡಾಕ್ಟರ್ ಕೇಳದೆ ಮುಟ್ಟಬಾರದು. ಅವ್ವಾರ ಚೀಟಿ ತೋರಿಸಿ ಕೇಳ್ರಿ. ಕೂತಲ್ಲೇ ಉಸಿರು ಸಾಲದಂಗಾದ್ರ, ನಡಿಗಿ ತೂರಾಡಿದ್ರ, ಮಾತು ಗಲಿಬಿಲಿ ಆದ್ರ ಬೆಳಗಾಗೋ ತನಕ ಕಾಯಬ್ಯಾಡ್ರಿ, ಆ ಹೊತ್ತಿಗೇ ಕೆಳಗ ಇಳಿಸ್ರಿ.

ಹಾಸುಹೊಕ್ಕು, ಯಾದಗಿರಿ

ನೇಯ್ಗಿ ಬಗ್ಗೆ ನಾನು ಬರಿತೀನಿ, ಜರಾ ಉದ್ದ ಆಗ್ತದ.

ಮೊದಲು ಮಗ್ಗ ತಿಳ್ಕೊಳ್ಳಿ, ಆಮೇಲೆ ಹಳ್ಳಿ. ನಮ್ಮ ಕಂಬಳಿಯ ಕುಣಿಮಗ್ಗದಲ್ಲಿ ನೇಕಾರ ಕುಣಿಯಲ್ಲಿ ಕಾಲಿಟ್ಟು ಮೆಟ್ಟುತ್ತಾನೆ, ಲಾಳಿ ಓಡುತ್ತದೆ. ಅಲ್ಲಿನ ಹೆಂಗಸರ ಮಗ್ಗಕ್ಕೆ ಚೌಕಟ್ಟೇ ಇಲ್ಲ. ಹಾಸಿನ (ಉದ್ದ ಎಳೆಗಳ) ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ಸೊಂಟದ ಪಟ್ಟಿಗೆ. ಹಿಂದಕ್ಕೆ ಒರಗಿದರೆ ಎಳೆ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ದೊಡ್ಡ ಬಟ್ಟೆಗೆ ನೆಲದಲ್ಲಿ ನಾಲ್ಕು ಗೂಟ ಹೊಡೆದು ಹಾಸು ಬಿಗಿಯುತ್ತಾರೆ. ಹಾಸು ಹಾಕಲು ಇಬ್ಬರು ಬೇಕು: ಎದುರುಬದುರು ಕೂತು ನೂಲಿನ ಉಂಡೆಯನ್ನು ಆ ಗೂಟದಿಂದ ಈ ಗೂಟಕ್ಕೆ ಎಸೆದಾಡುತ್ತಾರೆ. ನಮ್ಮ ಕಂಬಳಿ ಹಾಸಿಗೆ ಹುಣಸೆಬೀಜದ ಗಂಜಿ ಬೇಕು, ಅಲ್ಲಿ ಬೇಡ. ಎರಡು ಎಳೆ ಕೂಡಿಸಿ ಅಷ್ಟು ಬಿಗಿಯಾಗಿ ಹುರಿ ಮಾಡಿರುತ್ತಾರೆ. ಬಿಡಿ ನೂಲು ಕೈಯಲ್ಲಿ ಹಿಡಿದರೆ ತಾನಾಗಿ ಸುರುಳಿ ಸುತ್ತಿಕೊಳ್ಳಬೇಕು, ಆಗ ಹುರಿ ಸರಿಯಿದೆ ಎಂದು ಅರ್ಥ.

ಬಟ್ಟೆಯ ಮೇಲೆ ಕಾಣೋದೆಲ್ಲ ಹಾಸು. ಹೊಕ್ಕು (ಅಡ್ಡ ಹಾಯುವ ಎಳೆ) ಒಳಗೇ ಅಡಗಿರುತ್ತದೆ, ಅಂಚಿನಲ್ಲಿ ಮಾತ್ರ ಇಣುಕುತ್ತದೆ. ಹಾಗಾಗಿ ಚಿತ್ತಾರವೂ ಹಾಸಿನಲ್ಲೇ ಹುಟ್ಟಬೇಕು. ಪ್ರತಿ ಸಾಲಿಗೂ ಯಾವ ಬಣ್ಣದ ಎಳೆ ಮೇಲೆ, ಯಾವುದು ಕೆಳಗೆ ಎಂದು ಬೆರಳಿಂದ ಆಯ್ದು, ಲಾಮಾ ಎಂಬ ಪ್ರಾಣಿಯ ಎಲುಬಿನ ಚೂಪಾದ ಹತಾರದಿಂದ ಬಡಿದು ಕೂಡಿಸುತ್ತಾರೆ. ಚಿತ್ತಾರದ ಪಟ್ಟೆಗೆ ಅಲ್ಲಿನ ಕೆಚುವಾ ಭಾಷೆಯಲ್ಲಿ ಪಯ್ಯಾಯ್ ಎನ್ನುತ್ತಾರೆ. ಆ ಮಾತಿನ ಅರ್ಥವೇ "ಆಯುವುದು". ಸಾದಾ ಭಾಗ ಪಂಪಾ, ಅಂದರೆ ಬಯಲು. ನಮ್ಮ ಸೀರೆಗೆ ಒಡಲು-ಅಂಚು ಇದ್ದಂತೆ ಅವರಿಗೆ ಬಯಲು-ಆಯ್ಕೆ.

ಇನ್ನು ಹಳ್ಳಿಗಳು.

ಚಿಂಚೆರೊ (3,760 ಮೀಟರ್): ಏಜೆಂಟರು ಕರೆದೊಯ್ಯೋದು ರಸ್ತೆ ಬದಿಯ ಪ್ರದರ್ಶನದ ಅಂಗಳಕ್ಕೆ. ಸಕ್ತಾ ಎಂಬ ಬೇರು ತುರಿದು ನೊರೆ ಎಬ್ಬಿಸಿ ಉಣ್ಣೆ ತೊಳೆಯುತ್ತಾರೆ. ಪಾಪಾಸುಕಳ್ಳಿಯ ಮೇಲಿನ ಕೊಚಿನೀಲ್ ಹುಳ ಅಂಗೈಯಲ್ಲಿ ಒರೆಸಿ, ನಿಂಬೆ ಹಿಂಡಿ ಕಿತ್ತಳೆಗೆಂಪು ಮಾಡಿ, ಸೋಡಾದಂಥ ಕ್ಷಾರ ಹಾಕಿ ನೇರಳೆ ಮಾಡಿ ತೋರಿಸುತ್ತಾರೆ. ಸುಳ್ಳಲ್ಲ, ಬಣ್ಣ ಹಾಗೆಯೇ ಬದಲಾಗುತ್ತದೆ. ಆದರೆ ಅದು ಅಂಗೈ ಮೇಲಿನ ಜಾದೂ, ಬಣ್ಣಗಾರಿಕೆ ಅಲ್ಲ. ಬಣ್ಣ ಎಳೆಗೆ ಕಚ್ಚಬೇಕಾದರೆ ಪಟಿಕ ಬೇಕು, ಹದವಾದ ಬಿಸಿಯಲ್ಲಿ ಒಂದು ತಾಸಿನಷ್ಟು ಕುದಿಯಬೇಕು. ಪಟಿಕ ಕಡಿಮೆಯಾದರೆ ತೊಳೆದಾಗ ಬಣ್ಣ ಬಿಡುತ್ತದೆ. ಒಣಗಿಸಿದ ಹುಳ ಒಂದು ಕಿಲೋ ಆಗಲು ಲಕ್ಷಕ್ಕೂ ಮೀರಿ ಹುಳ ಬೇಕು, ಆದ್ದರಿಂದ ಅಗ್ಗದ ಶಾಲು ಹಿಡಿದು "ಪೂರಾ ಕೊಚಿನೀಲ್" ಎಂದರೆ ನಂಬಬೇಡಿ. ಪ್ರದರ್ಶನ ಮುಗಿದ ಮೇಲೆ ಗುಡ್ಡದ ಮೇಲಿನ ಹಳೇ ಊರಿಗೆ ಹತ್ತಿ. ಸ್ಪ್ಯಾನಿಷರಿಗಿಂತ ಮೊದಲು ಆಳಿದ ಇಂಕಾ ದೊರೆಗಳ ಅರಮನೆಯ ಗೋಡೆ ಮೇಲೆ ಕಟ್ಟಿದ ಇಗರ್ಜಿ ಇದೆ, ಭಾನುವಾರ ಸಂತೆ ಕೂಡುತ್ತದೆ.

ವಿಲ್ಯೋಕ್, ಪಟಕಾಂಚಾ: ಒಯಾಂಟಾಯ್‌ತಾಂಬೊದಿಂದ ಮೇಲಕ್ಕೆ ಸುಮಾರು ಒಂದು ತಾಸು, ಕಚ್ಚಾ ದಾರಿ. ಅಲ್ಲಿನವರ ಕೆಂಪು ಬಟ್ಟೆಗೆ ವೈರೂರು ಎಂದು ಅಡ್ಡಹೆಸರು ಬಿದ್ದಿದೆ. ವೈರೂರು ಅಂದರೆ ಕೆಂಪು-ಕಪ್ಪು ಬೀಜ, ನಮ್ಮ ಗುಲಗಂಜಿಯ ಹಾಗೆ. ಮೊದಲೇ ಹೇಳಿಸಿ ಹೋಗಿ, ಇಲ್ಲದಿದ್ದರೆ ಹೆಂಗಸರು ಹೊಲದಲ್ಲಿ ಅಥವಾ ಕುರಿ ಹಿಂದೆ ಇರುತ್ತಾರೆ.

ಪಿತುಮಾರ್ಕಾ: ಒಂದೇ ಹಳ್ಳಿಗೆ ಸಮಯ ಇದ್ದರೆ ನನ್ನ ಮತ ಇದಕ್ಕೆ. ಕುಸ್ಕೊದಿಂದ ದಕ್ಷಿಣಕ್ಕೆ ಪುನೊ ರಸ್ತೆಯಲ್ಲಿ ಸುಮಾರು 90 ಕಿ.ಮೀ., ಚೆಕಾಕುಪೆ ಹತ್ತಿರ ಒಳಕ್ಕೆ ತಿರುಗಬೇಕು. ಇಲ್ಲಿ ತಿಕ್ಲಾ ಎಂಬ ಹಳೇ ವಿದ್ಯೆ ಉಳಿದಿದೆ. ಇಳಕಲ್ಲಿನಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸಿ ತೋಪುತೆನಿ ಸೆರಗು ಮಾಡುತ್ತಾರಲ್ಲ, ಇದು ಅದರ ದೂರದ ನೆಂಟ. ಒಂದು ಬಣ್ಣದ ಹಾಸು ಅರ್ಧಕ್ಕೆ ನಿಂತು, ತಾತ್ಕಾಲಿಕವಾಗಿ ಕಟ್ಟಿದ ಅಡ್ಡ ಎಳೆಯನ್ನು ಸುತ್ತಿ ಹಿಂದಿರುಗುತ್ತದೆ. ಎದುರಿನಿಂದ ಬಂದ ಬಣ್ಣ ಅದರ ಕೊಂಡಿಯೊಳಗೆ ಕೊಂಡಿ ಹಾಕುತ್ತದೆ. ನೇಯ್ದಾದ ಮೇಲೆ ಅಡ್ಡ ಎಳೆ ಕಿತ್ತು ತೆಗೆಯುತ್ತಾರೆ. ಇಳಕಲ್ ಸೀರೆಯಲ್ಲಿ ಒಂದೇ ಕಡೆ ಕೂಡುವ ಜಾಗ, ಇಲ್ಲಿ ಒಂದೇ ಬಟ್ಟೆಯಲ್ಲಿ ಹತ್ತಾರು ಕಡೆ. ಇಳಕಲ್ ಸೀರೆಯ ಒಂದು ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಭಾಷೆ ಬಾರದಿದ್ದರೂ ನೇಕಾರ್ತಿಗೆ ಅದು ಕೂಡಲೇ ಅರ್ಥವಾಗುತ್ತದೆ.

ತಕೀಲೆ ದ್ವೀಪ, ಪುನೊದಿಂದ ದೋಣಿ: ಯುನೆಸ್ಕೊ 2005ರಲ್ಲಿ ಘೋಷಿಸಿದ ಜವಳಿ ಕಲೆ. ಹೆಣಿಗೆ ಅಲ್ಲಿ ಗಂಡಸರ ಕೆಲಸ, ಹುಡುಗರಿದ್ದಾಗಲೇ ಕಲಿಯುತ್ತಾರೆ. ಟೊಪ್ಪಿಗೆಯ ಬಣ್ಣದಲ್ಲಿ ಮದುವೆಯಾದವನೋ ಇಲ್ಲವೋ ತಿಳಿಯುತ್ತದೆ. ಹೆಂಗಸರು ನೇಯುವ ಅಗಲ ಸೊಂಟಪಟ್ಟಿಯಲ್ಲಿ ವರ್ಷದ ಬೇಸಾಯ, ಹಬ್ಬಗಳ ಲೆಕ್ಕ ಇರುತ್ತದೆ. ಚೌಕದ ಸಹಕಾರಿ ಅಂಗಡಿಯಲ್ಲಿ ಬೆಲೆ ನಿಗದಿ, ಚೌಕಾಸಿ ಇಲ್ಲ.

ತೊಗರಿಕಣಜ

ಭಾಳ ಉಪಕಾರಾತ್ರಿ. ಆದ್ರ ಬೊಲಿವಿಯಾ ಬಿಟ್ರ ಸುಕ್ರೆ, ಪೊಟೊಸಿ ಎರಡೂ ಹೋಗ್ತಾವ. ಹಳೇ ಪಟ್ಟಣದ ಲೆಕ್ಕದಾಗ ಅದು ನಷ್ಟ ಅಲ್ಲೇನ್ರಿ?

ಜಂಬಿಟ್ಟಿಗೆ, ಬೀದರ

ನಷ್ಟವೇ. ಅದನ್ನು ಮುಚ್ಚಿಟ್ಟು ಹೇಳಬಾರದು. ಸುಕ್ರೆಯ ದೇಸಿ ಕಲೆಯ ಸಂಗ್ರಹಾಲಯದಲ್ಲಿ ಎರಡು ನೇಯ್ಗೆಗಳನ್ನು ಎದುರುಬದುರು ನೋಡಬಹುದು. ತರಬುಕೊದವರದು ಸಾಲುಸಾಲಾಗಿ ಉಳುಮೆ, ಮದುವೆ, ಕುಣಿತ. ಹಾಲ್ಕಾದವರದು ಕೆಂಪು-ಕಪ್ಪಿನಲ್ಲಿ ತಲೆಬುಡವಿಲ್ಲದೆ ತೇಲುವ ವಿಚಿತ್ರ ಪ್ರಾಣಿಗಳು, ಯಾವ ಕಡೆಯಿಂದ ಹಿಡಿದರೂ ಮೇಲು-ಕೆಳಗು ಇಲ್ಲ. ಹತ್ತು ಅಂಗಡಿ ಸುತ್ತಿದರೂ ಸಿಗದ ತಿಳಿವಳಿಕೆ ಅಲ್ಲಿ ಎರಡು ತಾಸಿನಲ್ಲಿ ಸಿಗುತ್ತದೆ. ಆದರೂ 17 ದಿನದಲ್ಲಿ ಅದನ್ನು ತುರುಕಿದರೆ ಬಸ್ಸಿನ ಕಿಟಕಿಯೇ ಪ್ರವಾಸ ಆಗುತ್ತದೆ. 24 ದಿನ ಸಿಕ್ಕರೆ ಪುನೊದ ನಂತರ ಸೇರಿಸಿ. ತರಬುಕೊದ ಸಂತೆ ಭಾನುವಾರ, ಸುಕ್ರೆಯಿಂದ ಸುಮಾರು 65 ಕಿ.ಮೀ. ಪೊಟೊಸಿಯ ಬೆಳ್ಳಿ ಗುಡ್ಡ ಸ್ಪ್ಯಾನಿಷರ ಕಣ್ಣಿಗೆ ಬಿದ್ದದ್ದು 1545ರಲ್ಲಿ. ಅಮೆರಿಕದ ಆ ಬೆಳ್ಳಿ ಬಟ್ಟೆಗೆ, ಮಸಾಲೆಗೆ ಬದಲಾಗಿ ನಮ್ಮ ದೇಶಕ್ಕೂ ಹರಿದು ಬಂತು. ಬಿದರಿ ಹೂಜಿಯ ಮೇಲಿನ ಎಳೆ ನೋಡುವಾಗ ಇದೊಂದು ನೆನಪಿರಲಿ.

ಪೆರುವಿನ ಎರಡೇ ಪಟ್ಟಣ ಸಾಕು, ನಿಧಾನಕ್ಕೆ ನೋಡಿದರೆ.

ಅರೆಕಿಪಾ ಕಟ್ಟಿರುವುದು ಸಿಯಾರ್ ಎಂಬ ಬಿಳಿ ಜ್ವಾಲಾಮುಖಿ ಕಲ್ಲಿನಲ್ಲಿ. ಬೀದರ ಕೋಟೆಯ ಜಂಬಿಟ್ಟಿಗೆಯಂತೆ ಸುಲಭವಾಗಿ ಕಡಿಯಲು ಬರುವ ಕಲ್ಲು, ಆದರೆ ಹಗುರ. ಅದಕ್ಕೇ ಅಲ್ಲಿನ ಮುಂಭಾಗಗಳಲ್ಲಿ ಜಾಗ ಬಿಡದೆ ಕೆತ್ತಿದ್ದಾರೆ. 1698ರ ಲಾ ಕೊಂಪಾನ್ಯಿಯಾ ಇಗರ್ಜಿಯ ಮುಂಭಾಗದ ಮುಂದೆ ಅರ್ಧ ತಾಸು ನಿಲ್ಲಿ: ಯುರೋಪಿನ ಕಂಬ, ಆದರೆ ಕೆತ್ತಿದ ಕೈ ಊರಿನದು. ಊರು ಭೂಕಂಪದ ಹಾದಿಯಲ್ಲಿದೆ. ಗೋಡೆಗಳು ಹೆಗಲಗಲ, ಕಮಾನು ತಗ್ಗು. ಹಾಗಿದ್ದೂ 2001ರ ಕಂಪನದಲ್ಲಿ ದೊಡ್ಡ ಇಗರ್ಜಿಯ ಒಂದು ಗೋಪುರ ಬಿತ್ತು, ಮತ್ತೆ ಕಟ್ಟಿದ್ದಾರೆ. 1579ರ ಸಾಂತಾ ಕತಲಿನಾ ಕನ್ಯಾಮಠ ಊರೊಳಗೊಂದು ಊರು. ಕೆಂಪು, ನೀಲಿ ಗೋಡೆಗಳ ಓಣಿಗಳು, ಬಟ್ಟೆ ಒಗೆಯಲು ಅರ್ಧಕ್ಕೆ ಸೀಳಿದ ದೊಡ್ಡ ಮಣ್ಣಿನ ಹರವಿಗಳ ಸಾಲು. ಕನಿಷ್ಠ ಮೂರು ತಾಸು ಬೇಕು. ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಕಲ್ಲು ಕಣ್ಣು ಚುಚ್ಚುತ್ತದೆ, ಬೆಳಿಗ್ಗೆ ಹೋಗಿ.

ಕುಸ್ಕೊದಲ್ಲಿ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಇಂಕಾ ಕಲ್ಲು: ಗಾರೆ ಇಲ್ಲ, ಒಳಕ್ಕೆ ವಾಲಿದೆ, ಬಾಗಿಲು ಮೇಲಕ್ಕೆ ಹೋದಂತೆ ಕಿರಿದು. ಅದರ ಮೇಲೆ ಸ್ಪ್ಯಾನಿಷರ ಹಸಿ ಇಟ್ಟಿಗೆ, ಸುಣ್ಣ, ಮರದ ಬಾಲ್ಕನಿ. 1650ರಲ್ಲಿ, 1950ರಲ್ಲಿ ನೆಲ ನಡುಗಿದಾಗ ಉದುರಿದ್ದು ಬಹುಪಾಲು ಮೇಲಿನದು. ಸಾಂತೊ ದೊಮಿಂಗೊ ಮಠದ ಹೊದಿಕೆ 1950ರಲ್ಲಿ ಕಳಚಿದ ಮೇಲೆ ಒಳಗಿದ್ದ ಇಂಕಾ ಸೂರ್ಯಗುಡಿ ಕೊರಿಕಾಂಚಾದ ಗೋಡೆ ಬೆಳಕಿಗೆ ಬಂತು. ದೊಡ್ಡ ಇಗರ್ಜಿಯಲ್ಲಿ ಮಾರ್ಕೊಸ್ ಸಪಾಟಾ ಬರೆದ ಕೊನೆಯ ಭೋಜನದ ಚಿತ್ರದಲ್ಲಿ ಏಸುವಿನ ಮುಂದಿನ ತಟ್ಟೆಯಲ್ಲಿ ಗಿನಿಯಿಲಿ ಇದೆ, ಅಲ್ಲಿನ ಹಬ್ಬದೂಟ ಅದು. ಒಳಗೆ ಫೋಟೊ ತೆಗೆಯುವಂತಿಲ್ಲ.

ಪಟ್ಟಣ ಬೇರೆ, ನೇಯ್ಗೆ ಬೇರೆ ಎಂದು ನೀವು ಬರೆದಿದ್ದೀರಿ. ಹಾಗಿಲ್ಲ. ಆ ಕಾಲದಲ್ಲಿ ಒಬ್ರಾಹೆ ಎಂಬ ಜವಳಿ ಕಾರ್ಖಾನೆಗಳಲ್ಲಿ ಹಳ್ಳಿಗರನ್ನು ಕೂಡಿಹಾಕಿ, ಸ್ಪ್ಯಾನಿಷರು ತಂದ ಮೆಟ್ಟುಮಗ್ಗದಲ್ಲಿ ನೇಯಿಸುತ್ತಿದ್ದರು. ಸ್ಪ್ಯಾನಿಷರ ವಿರುದ್ಧ 1780ರಲ್ಲಿ ಎದ್ದ ದಂಗೆಯ ನಾಯಕ ಎರಡನೇ ತುಪಾಕ್ ಅಮಾರು ಪೊಮಕಾಂಚಿಯ ಒಬ್ರಾಹೆಯನ್ನು ಒಡೆದು ಬಟ್ಟೆ ಹಂಚಿದ. 1781ರ ಮೇ 18ರಂದು ಕುಸ್ಕೊದ ದೊಡ್ಡ ಚೌಕದಲ್ಲಿ ಅವನನ್ನು ಕೊಂದರು, ಇಂಕಾ ಉಡುಪನ್ನೇ ನಿಷೇಧಿಸಿದರು. ಇವತ್ತು ಹಳ್ಳಿಯ ಹೆಂಗಸರ ಮೈಮೇಲಿನ ನೆರಿಗೆ ಲಂಗ, ಗಿಡ್ಡ ಜಾಕೀಟು ಸ್ಪೇನಿನ ಕಡೆಯದು. ಹೆಗಲ ಮೇಲಿನ ಯಿಕ್ಯಾ ಶಾಲು ಮಾತ್ರ ಹಳೇ ಮಗ್ಗದ್ದು.

ಟಿಕೆಟ್: ಕುಸ್ಕೊದ ಒಟ್ಟು ಪ್ರವಾಸಿ ಚೀಟಿ 10 ದಿನ ನಡೆಯುತ್ತದೆ, ವಿದೇಶಿಯರಿಗೆ 130 ಸೋಲ್ (ಪೆರುವಿನ ಹಣ) ಇತ್ತು, ಹೋಗುವಾಗಿನ ದರ ನೋಡಿಕೊಳ್ಳಿ. ಚಿಂಚೆರೊ, ಪಿಸಾಕ್, ಒಯಾಂಟಾಯ್‌ತಾಂಬೊ ಅದರಲ್ಲಿ ಸೇರಿವೆ. ದೊಡ್ಡ ಇಗರ್ಜಿ, ಕೊರಿಕಾಂಚಾ, ಮಾಚು ಪಿಚು ಸೇರಿಲ್ಲ. ಪುನೊ ಬಸ್ಸು ಆರಿಸುವಾಗ ಆಂದವೈಲಿಯಾಸ್‌ನಲ್ಲಿ ನಿಲ್ಲುವ ಪ್ರವಾಸಿ ಬಸ್ಸನ್ನೇ ಹಿಡಿಯಿರಿ, ಅಲ್ಲಿನ ಇಗರ್ಜಿಯ ಚಾವಣಿ ಪೂರಾ ಬಣ್ಣದ ಚಿತ್ತಾರ. ಆ ರಸ್ತೆ ಲಾ ರಾಯಾ ಘಟ್ಟದಲ್ಲಿ 4,300 ಮೀಟರ್ ದಾಟುತ್ತದೆ. ಅಲ್ಲಿ ಇಳಿದು ಓಡಾಡುವ ಹುರುಪು ಬೇಡ.

ಬುತ್ತಿಗಂಟು, ಕಲಬುರಗಿ

ಎಲ್ಲಾರೂ ಕಲ್ಲು, ನೂಲು ಹೇಳಿದ್ರು. ವಾಪಸ್ ಬರೋವಾಗ ಹೈದರಾಬಾದ್ ನಿಲ್ದಾಣದಾಗ ಹಿಡದು ಕೂಡಸೋ ವಿಷಯ ಯಾರೂ ಹೇಳಲಿಲ್ಲ. ಪೆರು ಹಳದಿ ಜ್ವರದ ಪಟ್ಟಿದಾಗಿರೋ ದೇಶ. ನೀವು ಹೋಗೋ ಎತ್ತರದ ಊರಾಗ ಆ ಸೊಳ್ಳಿ ಇರಂಗಿಲ್ಲ, ಆದ್ರ ನಮ್ಮ ಸರಕಾರ ನೋಡೋದು ಯಾವ ದೇಶದಿಂದ ಬಂದ್ರಿ ಅಂತ. ಲಸಿಕಿ ಪತ್ರ ಇಲ್ಲಂದ್ರ 6 ದಿನದ ತನಕ ಪ್ರತ್ಯೇಕ ಇಡಬಹುದು. ಲಸಿಕಿ ಹಾಕಿಸಿ 10 ದಿನ ಆದ ಮ್ಯಾಲ ಪತ್ರ ಚಾಲ್ತಿ, ಆಮ್ಯಾಲ ಜೀವನಪೂರ್ತಿ ನಡೀತದ. ಎಲ್ಲಾ ದವಾಖಾನ್ಯಾಗ ಹಾಕಂಗಿಲ್ಲ, ಸರಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ನಮಗ ಸಮೀಪ ಅಂದ್ರ ಹೈದರಾಬಾದಿನ ನಾರಾಯಣಗುಡಾದಾಗ ಅದ. 60 ದಾಟಿದವರಿಗೆ ಈ ಲಸಿಕಿಲೆ ಅಪಾಯ ಜರಾ ಹೆಚ್ಚು, ಅವ್ವಾರದ್ದು ಮೊದಲೇ ಡಾಕ್ಟರ್ ಕೂಡ ಮಾತಾಡ್ರಿ. ತತ್ತಿ ಅಲರ್ಜಿ ಇದ್ರೂ ಹೇಳಬೇಕು.

ವೀಸಾ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಶೆಂಗೆನ್ ವೀಸಾ ಕನಿಷ್ಠ 6 ತಿಂಗಳು ಚಾಲ್ತಿ ಇದ್ದವರಿಗೆ ಪೆರು ವೀಸಾ ಬ್ಯಾಡ. ಇಲ್ಲಂದ್ರ ದಿಲ್ಲಿ ರಾಯಭಾರ ಕಚೇರಿ. ಟಿಕೆಟ್ ಅಮೆರಿಕ ಮ್ಯಾಲಿಂದ ಇದ್ರ ಬರೇ ವಿಮಾನ ಬದಲಿಸ್ಲಿಕ್ಕೂ ಅವರ ವೀಸಾ ಬೇಕೇಬೇಕು. ಅಗ್ಗ ಕಂಡ ಕೂಡಲೇ ಬುಕ್ ಮಾಡಬ್ಯಾಡ್ರಿ.

ಊಟ: "ಸಿನ್ ಕಾರ್ನೆ" ಅಂದ್ರ ಅವರಿಗೆ ಕೆಂಪು ಮಾಂಸ ಇಲ್ಲ ಅಂತಷ್ಟೇ ಅರ್ಥ, ಕೋಳಿ ಹಾಕಿ ತಂದಿಡತಾರ. "ನೊ ಕೊಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ" ಅಂತ ಬರಕೊಂಡು ತೋರಿಸ್ರಿ. ಕಿನುವಾ ಅನ್ನೋ ಕಾಳಿನ ಸೂಪಿನ ನೀರೇ ಕೋಳಿ ಎಲುಬಿಂದು ಇರ್ತದ, ಕೇಳದೆ ಉಣಬ್ಯಾಡ್ರಿ. ಬೇಯಿಸಿದ ದೊಡ್ಡ ಕಾಳಿನ ಗೋವಿನಜೋಳ ಮತ್ತ ಚೀಸು, ನೂರಾರು ತರದ ಆಲೂಗಡ್ಡಿ, ಅವಕಾಡೊ, ರೊಟ್ಟಿ ಎಲ್ಲಾ ಕಡೆ ಸಿಗ್ತಾವ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಪ್ಯಾಕ್ ಮಾಡಿ ಒಯ್ರಿ, ನಿಲ್ದಾಣದ ಫಾರ್ಮಿನಾಗ ಬರೀರಿ. ಹಸಿ ಹಣ್ಣು, ಬೀಜ, ಕಾಳು ಒಯ್ಯಬ್ಯಾಡ್ರಿ, ಕಸಗೋತಾರ. ಬ್ಯಾಳಿ ಕುದಿಸೋ ವಿಚಾರ ಇದ್ರ ಕುಕ್ಕರ್ ಇಲ್ಲದೆ ಆಗಂಗಿಲ್ಲ. ಕುಸ್ಕೊದಾಗ ನೀರು 89 ಡಿಗ್ರಿಗೇ ಕುದೀತದ, ತೊಗರಿ ಬ್ಯಾಳಿ ಗಟ್ಟಿ ಉಳೀತದ.

ಕೋಕಾ ಎಲಿ ಚಹಾ ಅಲ್ಲಿ ಎಲ್ಲಾ ಹೋಟೆಲಿನಾಗ ಪುಕ್ಕಟ. ಕುಡೀರಿ, ಆದ್ರ ಒಂದು ಪುಡಕಿನೂ ಚೀಲದಾಗ ಉಳೀಬಾರದು. ನಮ್ಮ ಮಾದಕ ವಸ್ತು ಕಾಯ್ದೆದಾಗ ಕೋಕಾ ಎಲಿನೂ ಬರ್ತದ.

ಚಳಿ: ಜೂನಿನಾಗ ಕುಸ್ಕೊ ರಾತ್ರಿ ಸೊನ್ನಿ ಹತ್ರ, ಪುನೊ ಸೊನ್ನಿ ಕೆಳಗ. ಹಗಲು ಬಿಸಲು ಸುಡ್ತದ. ಹಳ್ಳ್ಯಾಗ ಕಾರ್ಡ್ ನಡಿಯಂಗಿಲ್ಲ, 10-20 ಸೋಲ್ ನೋಟು ಇಟ್ಕೋರಿ. ಡಾಲರ್ ನೋಟು ಜರಾ ಹರದಿದ್ರೂ ತಗೊಳ್ಳಂಗಿಲ್ಲ.

ಹಾಸುಹೊಕ್ಕು, ಯಾದಗಿರಿ

ಅಸಲಿ-ನಕಲಿ ಬಾಕಿ ಉಳಿದಿತ್ತು.

ಮೊದಲು ಅಂಚು ನೋಡಿ. ಕೈಮಗ್ಗದ ಬಟ್ಟೆಯನ್ನು ಅವರು ಕತ್ತರಿಸುವುದಿಲ್ಲ, ಎಷ್ಟು ಬೇಕೋ ಅಷ್ಟಕ್ಕೇ ಹಾಸು ಹಾಕುತ್ತಾರೆ. ಹಾಗಾಗಿ ನಾಲ್ಕೂ ಕಡೆ ಸಹಜ ಅಂಚು ಇರುತ್ತದೆ. ದೊಡ್ಡ ಶಾಲಿನ ನಡುವೆ ಹೊಲಿಗೆ ಕಂಡರೆ ದೋಷ ಅಲ್ಲ, ಎರಡು ಪಟ್ಟಿ ನೇಯ್ದು ಕೂಡಿಸಿದ್ದು. ಇನ್ನೊಂದು ಗುರುತು ಯಾರೂ ಹೇಳುವುದಿಲ್ಲ: ನೇಯುತ್ತ ಕೊನೆಗೆ ಬಂದಾಗ ಎಳೆ ಬಾಯಿ ತೆರೆಯಲು ಜಾಗ ಉಳಿಯುವುದಿಲ್ಲ, ಕೊನೆಯ ಕೆಲವು ಬೆರಳಗಲವನ್ನು ಸೂಜಿಯಿಂದ ಹೊಕ್ಕು ತೂರಿಸಿ ಮುಗಿಸುತ್ತಾರೆ. ಅಲ್ಲಿ ಚಿತ್ತಾರ ಸ್ವಲ್ಪ ಹಿಸುಕಿದಂತೆ, ತಪ್ಪಿದಂತೆ ಕಾಣುತ್ತದೆ. ಯಂತ್ರದ ಬಟ್ಟೆಯಲ್ಲಿ ಈ "ತಪ್ಪು" ಸಿಗುವುದಿಲ್ಲ.

ನಾರಿಗೆ ಬೆಂಕಿ ಪರೀಕ್ಷೆ: ಒಂದು ಎಳೆ ಕೇಳಿ ಪಡೆದು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡು ಉಳಿಯುತ್ತದೆ. ಕುಸ್ಕೊದ ಬೀದಿಯಲ್ಲಿ ಬೇಬಿ ಅಲ್ಪಾಕ (ಲಾಮಾದ ನೆಂಟ ಪ್ರಾಣಿಯ ನಯವಾದ ಉಣ್ಣೆ) ಎಂದು ಮಾರುವುದಕ್ಕೆ ಪ್ರವಾಸಿಗರು ಇಟ್ಟ ಹೆಸರು "ಮೇಬಿ ಅಲ್ಪಾಕ". ಆದರೆ ಕಣ್ಣು ಕುಕ್ಕುವ ಗುಲಾಬಿ, ಹಸಿರು ಕಂಡ ಕೂಡಲೇ ನಕಲಿ ಎನ್ನಬೇಡಿ. ಹಳ್ಳಿಯ ಹೆಂಗಸರು ತಮ್ಮ ಹಬ್ಬಕ್ಕೆಂದು ನೇಯುವ ಬಟ್ಟೆಗೇ ಅಂಗಡಿ ಬಣ್ಣದ ನೂಲು ಹಾಕುವುದುಂಟು. ಅದು ಅವರ ಇಷ್ಟ. ಪ್ರವಾಸಿಗೆ ಬೇಕಾದ "ಹಳೇ ಬಣ್ಣ" ಅವರಿಗೆ ಮಂಕಾಗಿ ಕಾಣಬಹುದು.

ಬೆಲೆಯ ಅಂದಾಜು ಸಿಗಲು ಮೊದಲು ಕುಸ್ಕೊದ ಸಾಂಪ್ರದಾಯಿಕ ಜವಳಿ ಕೇಂದ್ರ ನೋಡಿ, ಅವೆನಿದಾ ಎಲ್ ಸೋಲ್ ರಸ್ತೆಯಲ್ಲಿದೆ. ಚಿಂಚೆರೊದ ನಿಲ್ದಾ ಕಯಾನ್ಯೌಪಾ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ್ದು. ಬಟ್ಟೆಯ ಚೀಟಿಯಲ್ಲಿ ನೇಯ್ದವರ ಹೆಸರು, ಹಳ್ಳಿ ಇರುತ್ತದೆ. ಒಳ್ಳೇ ಶಾಲಿಗೆ ನೂರಾರು ಸೋಲ್ ಆಗುತ್ತದೆ, ವಾರಗಟ್ಟಲೆ ಕೂತು ನೇಯ್ದದ್ದು. ಅಲ್ಲಿ ಬೆಲೆ ನೋಡಿಕೊಂಡು ಹಳ್ಳಿಗೆ ಹೋದರೆ ಚೌಕಾಸಿಯಲ್ಲಿ ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗುತ್ತದೆ. ಅಂಗಡಿಯವನು "ನೂರಾರು ವರ್ಷದ ಬಟ್ಟೆ" ಎಂದರೆ ಕೊಳ್ಳಬೇಡಿ. ನಿಜವಾದರೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ಸುಳ್ಳಾದರೆ ದುಡ್ಡು ಹೋಯಿತು.

ತಂದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ, ಹುಳದ ತತ್ತಿ ಇದ್ದರೆ ಸಾಯುತ್ತದೆ. ಆಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇವಿನೆಲೆ ಜತೆ ಇಡಿ. ವಾಷಿಂಗ್ ಮಷೀನಿಗೆ ಹಾಕಿದರೆ ಕಂಬಳಿಯಂತೆ ಗಟ್ಟಿಯಾಗಿ ಕುಗ್ಗುತ್ತದೆ.

ತೊಗರಿಕಣಜ

ಬೊಲಿವಿಯಾ ಬಿಟ್ಟೆವ್ರಿ, ಪಿತುಮಾರ್ಕಾ ಸೇರಿಸಿದ್ವಿ. ಒಂದೇ ಉಳೀತು: ತಕೀಲೆದಾಗ ಮೆಟ್ಟಿಲು ಭಾಳ ಅವ ಅಂತ ಓದೀನಿ. ಅವ್ವಗ ಆಗ್ತದನ?

ಏರುದಾರಿ, ಕಲಬುರಗಿ

ಒಂದು ದಂಡಿಗೆ 500ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು, ಇನ್ನೊಂದು ದಂಡಿಯಿಂದ ನಿಧಾನ ಏರೋ ಹಾದಿ. ಏರೋದು ಆ ಸಲೀಸು ಹಾದೀಲೆ, ಇಳಿಯೋದು ಮೆಟ್ಟಿಲು ಮ್ಯಾಲಿಂದ ಇರೋ ದೋಣಿನೇ ಬುಕ್ ಮಾಡ್ರಿ. ಅವ್ವಾರ ಮಂಡಿ ನೋಯ್ತಿದ್ರ ಹೋಗೋದು-ಬರೋದು ಎರಡೂ ಸಲೀಸು ಹಾದೀಲೆ ಆಗೋ ದೋಣಿ ಕೇಳ್ರಿ. ಗಾಡಿ, ಮೋಟಾರ್ ಏನೂ ಇಲ್ಲ ಅಲ್ಲಿ, ಕೋಲು ಇಟ್ಕೋರಿ.

ಮತ್ತ ಹೊರಡೋ ದಿನ ಶನಿವಾರ ಹಿಡೀರಿ. 9ನೇ ದಿನ ಭಾನುವಾರ ಬೀಳ್ತದ, ಚಿಂಚೆರೊ ಸಂತಿ ದಾರೀಲೇ ಸಿಗ್ತದ.